ಕೇದಾರ ಘಾಟಿನ ಮೆಟ್ಟಿಲು ಮತ್ತು ಒಂದು ಬೀಗಲ್ ಮರಿ

ಕಾಶಿಗೆ ಹೋದ ಕನ್ನಡಿಗರಿಗೆ ಕೇದಾರ ಘಾಟ್ ತಲುಪಿದೊಡನೆ ಒಂದು ಬಗೆಯ ನೆಮ್ಮದಿಯಾಗುತ್ತದೆ. ಗೌರೀಕೇದಾರೇಶ್ವರನ ಗುಡಿಯ ಕೆಂಪು ಬಿಳಿ ಪಟ್ಟೆಗಳು ನಮ್ಮ ಕಡೆಯ ದೇವಸ್ಥಾನಗಳ ಗೋಡೆಗಳನ್ನೇ ನೆನಪಿಸುತ್ತವೆ. ಸಮೀಪದಲ್ಲೇ ತಮಿಳರ ಕುಮಾರಸ್ವಾಮಿ ಮಠವಿದೆ. ನದಿಯ ದಂಡೆಯಲ್ಲೇ ದಕ್ಷಿಣಕ್ಕೆ ನಡೆದರೆ ಹರಿಶ್ಚಂದ್ರ ಘಾಟ್, ಅದರಾಚೆ ನಮ್ಮ ನಾಡಿನ ಹೆಸರನ್ನೇ ಹೊತ್ತ ಕರ್ನಾಟಕ ಘಾಟ್.

ಕಳೆದ ಚಳಿಗಾಲದಲ್ಲಿ ರಜಾ ಪ್ರಯಾಣ ರಿಯಾಯಿತಿಯಲ್ಲಿ ಅಮ್ಮ, ಹೆಂಡತಿ ಮತ್ತು ಮಗಳೊಡನೆ ಅಲ್ಲಿಗೆ ಹೋಗಿದ್ದೆ. ಅಮ್ಮ, ಸೊಸೆಯ ಕೈ ಹಿಡಿದು ನೀರಿಗಿಳಿದಿದ್ದರು. ನಾನು ಚೀಲಗಳನ್ನು ಕಾಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದೆ. ಮಗಳು ಬಿಸಿಲು ಕಾಯಿಸುತ್ತ ಮಲಗಿದ್ದ ಕಂದು ಬಣ್ಣದ ಬೀದಿನಾಯಿಯೊಂದಕ್ಕೆ ಬಿಸ್ಕತ್ತು ಹಾಕುತ್ತ, ತಿರುಗಿ ನೋಡದೆಯೇ ಕೇಳಿದಳು: "ಅಪ್ಪ, ಊರಿಗೆ ಹೋದ್ಮೇಲೆ ಬೀಗಲ್ ತರೋದು ಗ್ಯಾರಂಟಿ ತಾನೆ?"

ಆರು ತಿಂಗಳಿಂದ ಈ ಪ್ರಶ್ನೆಗೆ "ನೋಡೋಣ" ಎಂದೇ ಉತ್ತರಿಸುತ್ತ ಬಂದಿದ್ದೆ. ಕಚೇರಿಯಲ್ಲಿ ಕಡತವನ್ನು ಮೇಲಿನ ಮೇಜಿಗೆ ತಳ್ಳುವಂತೆ, "ಕಾಶಿಯಿಂದ ಬಂದ ಮೇಲೆ ನೋಡೋಣ" ಎಂದು ಕೊನೆಯ ಬಾರಿ ಮುಂದೂಡಿದ್ದೆ. ಈಗ ಕಾಶಿಯಲ್ಲೇ ಕುಳಿತಿದ್ದೆ. ತಳ್ಳಲು ಬೇರೆ ಮೇಜಿರಲಿಲ್ಲ.

ನಾಯಿಯ ವಿಚಾರವನ್ನು ಇತ್ಯರ್ಥ ಮಾಡಲು ಕಾಶಿಗಿಂತ ತಕ್ಕ ಊರು ಇನ್ನೊಂದಿಲ್ಲವೇನೋ. ಈ ಊರಿನ ಕ್ಷೇತ್ರಪಾಲ ಕಾಲಭೈರವ. ಅವನ ವಾಹನ ನಾಯಿ. ನಾಲ್ಕು ನಾಯಿಗಳೊಡನೆ ಎದುರಾದ ಚಂಡಾಲನನ್ನು ಶಂಕರಾಚಾರ್ಯರು ದೂರ ಸರಿಯೆಂದದ್ದು, ಸರಿಯಬೇಕಾದುದು ದೇಹವೋ ಆತ್ಮವೋ ಎಂಬ ಅವನ ಮರುಪ್ರಶ್ನೆಯ ಮುಂದೆ ತಲೆಬಾಗಿದ್ದು ಇದೇ ಊರಿನಲ್ಲಿ ಎಂಬುದು 'ಮನೀಷಾ ಪಂಚಕ'ದ ಹಿನ್ನೆಲೆಯ ಕಥೆ. ಇಲ್ಲಿಯ ಘಾಟುಗಳಲ್ಲಿ ನಾಯಿ ಯಾರ ಸೊತ್ತೂ ಅಲ್ಲ. ಅದು ಊರಿನ ನಿವಾಸಿ. ದೋಣಿಯವನು ರೊಟ್ಟಿ ಹಾಕುತ್ತಾನೆ, ಚಹಾದವನು ಹಾಲು ಹಾಕುತ್ತಾನೆ, ಯಾತ್ರಿಕ ಬಿಸ್ಕತ್ತು ಹಾಕಿ ಮುಂದೆ ಹೋಗುತ್ತಾನೆ. ಬೀಗಲ್‌ನ ಚರಿತ್ರೆ ಇದಕ್ಕೆ ತೀರ ಬೇರೆ. ಅದು ಆದಿಯಿಂದಲೂ ಯಾರದೋ ಒಂದು ಕೆಲಸಕ್ಕಾಗಿ ರೂಪಿಸಿದ ನಾಯಿ. ಆದುದರಿಂದ ಅದು ನಮ್ಮ ಮನೆಗೆ ಒಗ್ಗುವುದೇ ಎಂದು ತಿಳಿಯಬೇಕಾದರೆ, ಆ ಕೆಲಸ ಯಾವುದೆಂದು ಮೊದಲು ತಿಳಿಯಬೇಕು.

ಆ ಕೆಲಸ ಮೊಲದ ಬೇಟೆ. ಮೂಗಿನಿಂದ ಜಾಡು ಹಿಡಿದು ಮೊಲವನ್ನು ಅಟ್ಟುವ ನಾಯಿಗಳ ಬಗ್ಗೆ ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಕ್ ಲೇಖಕ ಕ್ಸೆನೊಫನ್ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಆ ಬಗೆಯ ಸಣ್ಣ ನಾಯಿಗೆ ಬೀಗಲ್ ಎಂಬ ಹೆಸರು 15ನೆಯ ಶತಮಾನದ ಹೊತ್ತಿಗೆ ಬಳಕೆಯಲ್ಲಿತ್ತು. ಮೊದಲನೆಯ ಎಲಿಜಬೆತ್ ರಾಣಿಯ ಬಳಿ ಪುಟ್ಟ ಗಾತ್ರದ ಬೀಗಲ್‌ಗಳಿದ್ದವು. ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದಲ್ಲಿ ಸರ್ ಟೋಬಿ ಮರಾಯಳನ್ನು ಅಪ್ಪಟ ತಳಿಯ ಬೀಗಲ್ ಎಂದು ಹೊಗಳುತ್ತಾನೆ, ಎಂ.ಎ. ತರಗತಿಯಲ್ಲಿ ಓದಿದಾಗ ಅದನ್ನು ಬರಿಯ ಹಾಸ್ಯವೆಂದುಕೊಂಡಿದ್ದೆ. ಹಿಡಿದ ಜಾಡನ್ನು ಬಿಡದವಳು ಎಂಬ ಅರ್ಥ ಅದರಲ್ಲಿದೆಯೆಂದು ಈಗ ಹೊಳೆಯುತ್ತದೆ. ನಾವು ಇಂದು ಕಾಣುವ ತಳಿ 1830ರ ದಶಕದಲ್ಲಿ ಎಸೆಕ್ಸ್‌ನಲ್ಲಿ ಹನಿವುಡ್ ಎಂಬ ಪಾದ್ರಿ ಕಟ್ಟಿದ ಗುಂಪಿನಿಂದ ಬಹುಮಟ್ಟಿಗೆ ರೂಪುಗೊಂಡಿತು; 1890ರಲ್ಲಿ ಇಂಗ್ಲೆಂಡಿನಲ್ಲಿ ಬೀಗಲ್ ಕ್ಲಬ್ ಸ್ಥಾಪನೆಯಾಯಿತು.

ಈ ಚರಿತ್ರೆಯ ಒಂದೊಂದು ಅಂಶವೂ ಇಂದಿನ ಮರಿಯ ಮೈಯಲ್ಲಿ ಉಳಿದಿದೆ. ಕುದುರೆಯಿಲ್ಲದ ಬೇಟೆಗಾರ ಕಾಲ್ನಡಿಗೆಯಲ್ಲೇ ಹಿಂಬಾಲಿಸಬೇಕಾಗಿದ್ದುದರಿಂದ ಅದನ್ನು ಗಿಡ್ಡವಾಗಿ ಉಳಿಸಿಕೊಂಡರು. ಎತ್ತರ 33ರಿಂದ 40 ಸೆಂಟಿಮೀಟರ್. ಎತ್ತರದ ಹುಲ್ಲಿನಲ್ಲಿ ಕಣ್ಣಿಗೆ ಬೀಳಲೆಂದು ಬಾಲದ ತುದಿಯ ಬಿಳಿಯನ್ನು ಮೆಚ್ಚಿದರು. ಕಣ್ಮರೆಯಾದರೂ ಎಲ್ಲಿದೆಯೆಂದು ತಿಳಿಯುವಂತೆ ದನಿಯೆತ್ತಿ ಊಳಿಡುವ ಗುಣವನ್ನು ಬೆಳೆಸಿದರು. ಗುಂಪಿನಲ್ಲಿ ಜಗಳವಾಡದೆ ಬಾಳುವುದನ್ನೇ ಆರಿಸಿದ್ದರಿಂದ ಅದು ಮಕ್ಕಳೊಡನೆ ಸಲಿಗೆಯಿಂದಿರುತ್ತದೆ. ಅದೇ ಕಾರಣಕ್ಕೆ ಒಂಟಿತನವನ್ನು ತಾಳಲಾರದು. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುತ್ತದೆ, ಬೀಗಲ್ ಮೂಗಿನಿಂದ. ವಾಸನೆಯೊಂದು ಸಿಕ್ಕರೆ ಅದರ ಕಿವಿಗೆ ಯಜಮಾನನ ಕರೆ ಬೀಳುವುದಿಲ್ಲ. ಇದನ್ನು ಹಟಮಾರಿತನ ಎಂದು ಬೈಯುವವರು, ಆ ಹಟಕ್ಕಾಗಿಯೇ ಅದನ್ನು ನೂರಾರು ವರ್ಷ ಸಾಕಿದ್ದಾರೆ ಎಂಬುದನ್ನು ಮರೆಯುತ್ತಾರೆ. 1984ರಲ್ಲಿ ಅಮೆರಿಕದ ಕೃಷಿ ಇಲಾಖೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಯೊಳಗಿನ ಹಣ್ಣು, ಮಾಂಸಗಳನ್ನು ಪತ್ತೆಹಚ್ಚಲು ಬೀಗಲ್‌ಗಳನ್ನೇ ಆರಿಸಿಕೊಂಡಿತು. ಮೂಗಿಗೆ ಕೆಲಸ ಕೊಟ್ಟಾಗ ಅದೇ ಹಟ ದಕ್ಷತೆ ಎನಿಸಿತು.

ಇದರ ಸೌಮ್ಯತೆಗೂ ಒಂದು ಕರಾಳ ಚರಿತ್ರೆಯಿದೆ. ನೋವು ಕೊಟ್ಟ ಕೈಯನ್ನೂ ಕಚ್ಚದ ಸ್ವಭಾವ ಮತ್ತು ಅನುಕೂಲವಾದ ಗಾತ್ರ ಕಂಡು, ಪ್ರಯೋಗಾಲಯಗಳು ಬೇರೆಲ್ಲ ತಳಿಗಳಿಗಿಂತ ಹೆಚ್ಚಾಗಿ ಬೀಗಲ್ಲನ್ನೇ ಬಳಸಿದವು. ಬಲವಂತವಾಗಿ ಸಿಗರೇಟಿನ ಹೊಗೆ ಸೇದುತ್ತಿದ್ದ ಬೀಗಲ್‌ಗಳ ಚಿತ್ರಗಳು 1975ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಆ ದೇಶವನ್ನು ಕಲಕಿದವು. 2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪ್ರಯೋಗಕ್ಕೆಂದು ಸಾಕಿದ್ದ ಸುಮಾರು 4,000 ಬೀಗಲ್‌ಗಳನ್ನು ಬಿಡಿಸಿ ಮನೆಗಳಿಗೆ ಕಳುಹಿಸಲಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಕ್ಯೂಪಾ ಸಂಸ್ಥೆ ಪ್ರಯೋಗಾಲಯಗಳಿಂದ ಹೊರಬಂದ ಬೀಗಲ್‌ಗಳಿಗೆ ಮನೆ ಹುಡುಕಿಕೊಟ್ಟಿದೆ. ಪಂಜರದ ಹೊರಗಿನ ಬದುಕನ್ನೇ ಕಾಣದ ಅಂಥ ನಾಯಿ ಮನೆಯ ಬದುಕಿಗೆ ಒಗ್ಗಲು ತಿಂಗಳುಗಳೇ ಬೇಕಾಗುತ್ತವೆ.

ಹಾಗಾದರೆ ನಮ್ಮ ಪೂರ್ವಿಕರು ನಾಯಿಯನ್ನು ಹೇಗೆ ಆರಿಸುತ್ತಿದ್ದರು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಸಾರಮೇಯ ವಿನೋದ' ಎಂಬ ಭಾಗವೇ ಇದೆ. ಬೇಟೆನಾಯಿಗಳ ವಿಚಾರವನ್ನು ಶಾಸ್ತ್ರವಾಗಿಯೇ ಅಲ್ಲಿ ಹೇಳಿದೆ. ಅದಕ್ಕೂ ಸುಮಾರು 180 ವರ್ಷ ಹಿಂದಿನದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅವನ ಕಡೆಯ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿ ಒಡೆಯನು ಬೇಡಿದ್ದನ್ನು ಕೇಳಿಕೋ ಎಂದಾಗ, ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳ್ತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಬರೆಸಿದ. ನಾಯಿ ಮತ್ತು ಹಂದಿ ಸೆಣಸುವ ಚಿತ್ರವುಳ್ಳ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಶಾಸನವನ್ನು ನಿಷ್ಠೆಯ ಕಥೆಯೆಂದು ಹೇಳುವುದು ವಾಡಿಕೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿಗಳು. ಮೊದಲನೆಯದು, ಮಣಲೆರನಿಗೆ ಬೇಟೆಯ ಬದುಕು ಮೊದಲೇ ಇತ್ತು. ಆ ಬದುಕಿಗೆ ಒಪ್ಪುವ ನಾಯಿಯನ್ನು ಅವನು ಹೆಸರು ಹಿಡಿದು ಕೇಳಿದ. ನಾವಾದರೋ ಚಿತ್ರವನ್ನು ನೋಡಿ ಮರಿಯನ್ನು ಕೇಳುತ್ತೇವೆ. 2003ರ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್ ನಾಯಿ ಎಷ್ಟು ಮನೆಗಳಿಗೆ ಆಸೆ ಹಚ್ಚಿತು ಎಂಬುದು ನನ್ನ ಓರಗೆಯವರಿಗೆಲ್ಲ ನೆನಪಿದೆ. ಎರಡನೆಯದು, ನಾಯಿಯ ಹೊಣೆ ಎಲ್ಲಿಯವರೆಗೆ ಎಂಬುದನ್ನು ಅವನು ಕಲ್ಲಿನಲ್ಲಿ ಬರೆಸಿದ; ಸತ್ತ ನಾಯಿಯ ಋಣವನ್ನು ಮುಂದಿನವರಿಗೂ ಹೊರಿಸಿದ. ಬೀಗಲ್‌ನ ಆಯುಸ್ಸು 12ರಿಂದ 15 ವರ್ಷ. ಎಂಟನೆಯ ತರಗತಿಯ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅದು ಮನೆಯಲ್ಲಿರುತ್ತದೆ.

ಅಲ್ಲಿಯೇ ಕುಳಿತು ಮಗಳೊಡನೆ ಲೆಕ್ಕ ಹಾಕಿದೆ. ನಮ್ಮದು ಎರಡನೆಯ ಮಹಡಿಯ ಎರಡು ಕೋಣೆಯ ಸರ್ಕಾರಿ ವಸತಿ. ನಾನು, ನನ್ನ ಹೆಂಡತಿ ಬೆಳಿಗ್ಗೆ 9ಕ್ಕೆ ಹೊರಟರೆ ಮರಳುವುದು ಸಂಜೆ 7ಕ್ಕೆ. ಹಗಲು ಮನೆಯಲ್ಲಿರುವವರು 76 ವರ್ಷದ ಅಮ್ಮ ಒಬ್ಬರೇ; ಅವರ ಮಂಡಿಗೆ ನಮ್ಮ ಮೆಟ್ಟಿಲುಗಳೇ ಹೆಚ್ಚು. ದಿನಕ್ಕೆ ಒಂದು ಗಂಟೆಯಾದರೂ ಹಗ್ಗ ಹಿಡಿದು ನಡೆಸಬೇಕಾದ, ಒಂಟಿಯಾದರೆ ಊಳಿಡುವ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿ ತಿಂದು ಬೊಜ್ಜು ಬೆಳೆಸುವ, ಜೋತ ಕಿವಿಗಳನ್ನು ವಾರವಾರವೂ ಶುಚಿ ಮಾಡಬೇಕಾದ ಪ್ರಾಣಿ ಅದು. ನನ್ನದು ವರ್ಗಾವಣೆಯ ನೌಕರಿ. ಮುಂದಿನ ಊರು ಯಾವುದೆಂಬುದು ನನ್ನ ಕೈಯಲ್ಲಿಲ್ಲ.

ಮಗಳು ಸುಮ್ಮನೆ ಕೇಳಿ, "ಅಂದ್ರೆ ಬೇಡ ಅಂತ ತಾನೆ?" ಎಂದಳು.

"ಹೌದು, ಬೇಡ" ಎಂದೆ. "ನಮ್ಮನೇಲಿ ಯಾರಾದ್ರೂ ಹಗಲೆಲ್ಲ ಇರೋ ಹಾಗಾದ್ರೆ ಮರಿ ಅಲ್ಲ, ಮನೆ ಕಳ್ಕೊಂಡ ದೊಡ್ಡ ನಾಯೀನ ತರೋಣ."

ಅವಳ ಕಣ್ಣು ತುಂಬಿದವು. ಪಕ್ಕದಲ್ಲಿದ್ದ ಕಂದು ನಾಯಿಯ ನೆತ್ತಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 2023ರಲ್ಲಿ ಇದೇ ಊರಿನ ಮೋತಿ ಮತ್ತು ಜಯಾ ಎಂಬ ಎರಡು ಬೀದಿನಾಯಿಗಳು ಪಾಸ್‌ಪೋರ್ಟ್ ಪಡೆದು ಇಟಲಿಗೂ ನೆದರ್‌ಲ್ಯಾಂಡ್ಸಿಗೂ ಹೋದ ಸುದ್ದಿಯನ್ನು ಹೇಳಿದೆ. "ಅವ್ರು ಇಲ್ಲಿಂದ ಕರ್ಕೊಂಡು ಹೋದ್ರು, ನಾವು ಅಲ್ಲಿಂದ ತರೋಕೆ ಹೊರಟ್ವಿ" ಎಂದು ಅವಳೇ ಅಂದಳು; ನಗಲಿಲ್ಲ.

ಸ್ನಾನ ಮುಗಿಸಿ ಬಂದ ಅಮ್ಮ ಒದ್ದೆ ಸೆರಗು ಹಿಂಡುತ್ತ, "ನಾನು ಹಲಸಿನ ಹಣ್ಣು ಬಿಟ್ಟೆ, ನೀವೇನು ಬಿಟ್ರಿ?" ಎಂದು ಕೇಳಿದರು. ಕಾಶಿಗೆ ಹೋದವರು ಇಷ್ಟವಾದುದೊಂದನ್ನು ಬಿಟ್ಟು ಬರುವುದು ನಮ್ಮ ಕಡೆಯ ರೂಢಿಯಷ್ಟೆ. ಬೇಡದ ಹಾಗಲಕಾಯಿಯನ್ನು ಬಿಟ್ಟು ಬಂದು ಪುಣ್ಯ ಕಟ್ಟಿಕೊಳ್ಳುವ ಜಾಣರೂ ಇದ್ದಾರೆ. ಆರು ತಿಂಗಳು "ನೋಡೋಣ" ಎಂದು ಮಗುವಿನ ಆಸೆಯನ್ನು ಜೀವಂತವಾಗಿಟ್ಟಿದ್ದ ನಾನೂ ಅಂಥವರ ಸಾಲಿನವನೇ. ಮಗಳು ನನ್ನ ಮುಖ ನೋಡಿದಳು. ನಾನು ಅಮ್ಮನಿಗೆ ಉತ್ತರ ಹೇಳಲಿಲ್ಲ. ಚೀಲದಲ್ಲಿ ಉಳಿದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ಒಡೆದು ಮೆಟ್ಟಿಲ ಮೇಲೆ ಒಂದೊಂದಾಗಿ ಇಟ್ಟಳು.