ಗೆಜೆಟ್ ಮತ್ತು ಅದರ ಪಕ್ಷ

1895ರ ಜೂನ್‌ನಲ್ಲಿ 27ರ ತರುಣ ವಿಲಿಯಂ ಆಲೆನ್ ವೈಟ್ 3,000 ಡಾಲರ್ ಸಾಲ ಎತ್ತಿ, ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನ ‘ಗೆಜೆಟ್’ ಪತ್ರಿಕೆಯನ್ನು ಕೊಂಡರು. ಅದು ಹುಟ್ಟಿದ್ದು ಪಾಪ್ಯುಲಿಸ್ಟರ, ಅಂದರೆ ಸಾಲದಲ್ಲಿ ಮುಳುಗಿದ್ದ ರೈತರ ಪಕ್ಷದ ಪತ್ರಿಕೆಯಾಗಿ. ತಾವು ರಿಪಬ್ಲಿಕನ್, ಆ ಪಕ್ಷದ ಅಭ್ಯರ್ಥಿಗಳನ್ನೇ ಬೆಂಬಲಿಸುವೆ ಎಂದು ವೈಟ್ ಮೊದಲ ಸಂಪಾದಕೀಯದಲ್ಲೇ ಸಾರಿದರು.

ಅಂದು ಅದರಲ್ಲಿ ಸಂಕೋಚಪಡುವಂಥದ್ದೇನೂ ಇರಲಿಲ್ಲ. ಪಕ್ಷಕ್ಕೊಂದು ಪತ್ರಿಕೆ ಅಲ್ಲಿನ ಸಣ್ಣ ಊರುಗಳ ವಾಡಿಕೆಯಾಗಿತ್ತು. ಚಂದಾ ಹಣವೊಂದರಿಂದಲೇ ಅಚ್ಚುಕೂಟ ನಡೆಸುವುದು ಕಷ್ಟವಾಗಿತ್ತು. ಸರ್ಕಾರಿ ಪ್ರಕಟಣೆಗಳೂ ಅಚ್ಚಿನ ಕೆಲಸವೂ ಸಾಮಾನ್ಯವಾಗಿ ಗೆದ್ದವರ ಪತ್ರಿಕೆಗೆ ಸಿಗುತ್ತಿದ್ದವು. ಎಷ್ಟೋ ಸಂಪಾದಕರು ಪಕ್ಷಸೇವೆಗೆ ಪ್ರತಿಫಲವಾಗಿ ಪೋಸ್ಟ್‌ಮಾಸ್ಟರ್ ಹುದ್ದೆಯನ್ನೂ ಪಡೆದರು.

1896ರ ಆಗಸ್ಟ್‌ನಲ್ಲಿ ಪಾಪ್ಯುಲಿಸ್ಟರ ಗುಂಪೊಂದು ವೈಟ್ ಅವರನ್ನು ಬೀದಿಯಲ್ಲಿ ತಡೆದು ಛೇಡಿಸಿತು. ಕಚೇರಿಗೆ ಮರಳಿದವರೇ ಕೋಪದ ಭರದಲ್ಲಿ, ‘ಕಾನ್ಸಸ್‌ಗೆ ಏನಾಗಿದೆ?’ ಎಂದು ಕೇಳುವ ಸಂಪಾದಕೀಯ ಬರೆದರು. ಊರೂರಿನ ಪತ್ರಿಕೆಗಳು ಅದನ್ನು ಮರುಮುದ್ರಿಸಿದವು. ರಿಪಬ್ಲಿಕನ್ ಅಭ್ಯರ್ಥಿ ಮೆಕಿನ್ಲಿಯ ಪ್ರಚಾರ ಹೊತ್ತಿದ್ದ ಮಾರ್ಕ್ ಹಾನ್ನಾ ದೇಶದ ತುಂಬ ಹಂಚಿಸಿದರು. ಬರಹ ಹರಿತವಾಗಿತ್ತು, ನ್ಯಾಯವಾಗಿರಲಿಲ್ಲ. ಬರಗಾಲ, ಬೆಲೆ ಕುಸಿತ, ರೈಲು ಕಂಪನಿಗಳ ದುಬಾರಿ ಸಾಗಣೆ ದರಗಳಿಂದ ಕಂಗೆಟ್ಟ ರೈತರನ್ನು ಅದು ಬರೀ ಲೇವಡಿ ಮಾಡಿತ್ತು. ಮೆಕಿನ್ಲಿ ಅಧ್ಯಕ್ಷರಾದರು. ಆದರೆ ಕಾನ್ಸಸ್ ಮಾತ್ರ ಅವರ ಎದುರಾಳಿ ಬ್ರಯನ್‌ಗೇ ಮತ ಕೊಟ್ಟಿತು!

ವೈಟ್ ಅಲ್ಲೇ ನಿಲ್ಲಲಿಲ್ಲ ಎಂಬುದೇ ಈ ಪತ್ರಿಕೆಯ ಹಿರಿಮೆ. ತಾವೇ ಗೇಲಿ ಮಾಡಿದ್ದ ಪಾಪ್ಯುಲಿಸ್ಟರು ಕೇಳುತ್ತಿದ್ದ ಸುಧಾರಣೆಗಳಲ್ಲಿ ಹಲವನ್ನು ಕ್ರಮೇಣ ಒಪ್ಪಿಕೊಂಡರು. 1912ರಲ್ಲಿ ರಿಪಬ್ಲಿಕನ್ ಪಕ್ಷ ಒಡೆದಾಗ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಜೊತೆ ಹೊರನಡೆದರು, ಆಮೇಲೆ ಮರಳಿದರು. 1922ರ ರೈಲ್ವೆ ಮುಷ್ಕರದಲ್ಲಿ, ಕಾರ್ಮಿಕರನ್ನು ಬೆಂಬಲಿಸುವ ಭಿತ್ತಿಪತ್ರಗಳನ್ನು ಗವರ್ನರ್ ಹೆನ್ರಿ ಆಲೆನ್ ನಿಷೇಧಿಸಿದರು. ಆಲೆನ್ ವೈಟರದೇ ಪಕ್ಷದವರು, ಹಳೆಯ ಗೆಳೆಯರು ಕೂಡ. ಆದರೂ ವೈಟ್ ಕಾರ್ಮಿಕರಿಗೆ ತಮ್ಮ ಬೆಂಬಲ ಶೇ. 49 ಎಂದು ಬರೆದು ಗೆಜೆಟ್‌ನ ಕಿಟಕಿಗೆ ಅಂಟಿಸಿದರು. ಮುಷ್ಕರ ಶಾಂತವಾಗಿ ಸಾಗಿದಷ್ಟು ದಿನವೂ ದಿನಕ್ಕೆ ಒಂದರಂತೆ ಅದು ಏರುವುದೆಂದರು. ಅವರ ಮೇಲೆ ಮೊಕದ್ದಮೆ ಬಿತ್ತು, ಕೊನೆಗೆ ಅದನ್ನು ಕೈಬಿಡಲಾಯಿತು. ಆ ಬೇಸಿಗೆಯಲ್ಲಿ ವಾಕ್ ಸ್ವಾತಂತ್ರ್ಯದ ಪರ ಬರೆದ ಸಂಪಾದಕೀಯಕ್ಕೆ 1923ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಮರುವರ್ಷ ಬಿಳಿಯ ಜನಾಂಗವಾದಿ ಸಂಘಟನೆ ಕು ಕ್ಲಕ್ಸ್ ಕ್ಲಾನ್ ವಿರುದ್ಧ ದನಿಯೆತ್ತಲೆಂದೇ ಅವರು ಗವರ್ನರ್ ಹುದ್ದೆಗೆ ಪಕ್ಷೇತರರಾಗಿ ನಿಂತರು. ಸೋತರೂ ಲಕ್ಷಕ್ಕೂ ಹೆಚ್ಚು ಮತ ಪಡೆದರು. 1944ರಲ್ಲಿ ತೀರಿಕೊಳ್ಳುವವರೆಗೂ ಗೆಜೆಟ್ ಅವರ ಕೈಯಲ್ಲೇ ಇತ್ತು. ಆಮೇಲೆ ಮಗ ವಿಲಿಯಂ ಲಿಂಡ್ಸೆ ವೈಟ್ ಮುಂದುವರಿಸಿದರು.