ಹಳೆಯ ಸ್ಪೋರ್ಟ್ಸ್ ಕಾರಿನ ಜೀರ್ಣೋದ್ಧಾರ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ಗುಡಿಗೆ ಭೂಮಿ ಬಿಡುವ ದಾನಿ ಪೂಜೆ, ನೈವೇದ್ಯಗಳ ಜೊತೆಗೆ, ಮುಂದೆ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವ ಖರ್ಚಿಗೂ ಅದರಲ್ಲೇ ಪಾಲು ಇಟ್ಟು ಬರೆಸುತ್ತಿದ್ದ. ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನದಲ್ಲೂ ಇಂಥದೇ ಮುಂದಾಲೋಚನೆ ಕಾಣುತ್ತದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರ ಹೊತ್ತಿಗೆ, ಅವನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದ. ಶಾಸನದಲ್ಲಿ ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನಗಳ ಲೆಕ್ಕವಿದೆ. ದೀಪದ ಖರ್ಚಿಗೆಂದೇ ಬಿಟ್ಟ 12 ನಿವರ್ತನ ಭೂಮಿಯ ಲೆಕ್ಕವೂ ಇದೆ. ಶಾಲೆ ಕಟ್ಟಿದವನಿಗೆ ರಾತ್ರಿಯ ಎಣ್ಣೆಯ ಚಿಂತೆಯೂ ಇತ್ತು.

ಜೀರ್ಣೋದ್ಧಾರ ಎಂಬ ಈ ಶಬ್ದ ನನಗೆ ಮತ್ತೆ ನೆನಪಾದದ್ದು ಗುಡಿಯ ಮುಂದಲ್ಲ, ತಗಡಿನ ಶೆಡ್ಡಿನಲ್ಲಿ ಚಕ್ರ ಕಳಚಿ ಇಟ್ಟಿಗೆಯ ಮೇಲೆ ನಿಲ್ಲಿಸಿದ್ದ ಹಳೆಯ ಕಾರೊಂದರ ಮುಂದೆ. ಕೆಲಸ ಮುಗಿಸಿ ಬಂದು, ರಜೆಯ ದಿನ ಅಂಗಿಯ ತೋಳು ಮಡಚಿ ಇಂಥ ಕಾರುಗಳ ಕೆಳಗೆ ಮಲಗುವ ಹವ್ಯಾಸಿಗಳು ಈಗ ನಮ್ಮ ರಾಜ್ಯದಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರ ಕನಸು ಎರಡೇ ಸೀಟಿನ, ಮೇಲೆ ಮಡಚುವ ಬಟ್ಟೆಯ ಹೊದಿಕೆಯುಳ್ಳ ಸ್ಪೋರ್ಟ್ಸ್ ಕಾರು.

ಆ ಜಾತಿಯ ಕಾರುಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಎಂ.ಜಿ. ಕಂಪನಿಯ ‘ಟಿಸಿ’. 1945ರಿಂದ 1949ರವರೆಗೆ ಸುಮಾರು ಹತ್ತು ಸಾವಿರ ಟಿಸಿ ಕಾರುಗಳು ಹೊರಬಂದವು. ಎಂಜಿನ್ 1250 ಸಿ.ಸಿ.; ಚಕ್ರಕ್ಕೆ ಸೈಕಲ್ಲಿನಂತೆ ತಂತಿಯ ಕಡ್ಡಿಗಳು. ಹೊರಗೆ ಕಾಣುವ ತಗಡಿನ ಒಳಗೆ ಇರುವುದು ಕಬ್ಬಿಣವಲ್ಲ, ಆ್ಯಶ್ ಎಂಬ ಮರದ ಚೌಕಟ್ಟು! ಹೀಗಾಗಿ ಇದರ ರಿಪೇರಿಗೆ ಮೆಕ್ಯಾನಿಕ್ಕಿಗಿಂತ ಮೊದಲು ಬಡಗಿ ಬೇಕು. ತಗಡು ಬಿಚ್ಚಿದಾಗ ಮರ ಪುಡಿಯಾಗಿ ಉದುರಿದರೆ ಎದೆಗುಂದಬಾರದು. ಉಳಿದ ತುಂಡುಗಳನ್ನೇ ಅಳತೆಗಿಟ್ಟುಕೊಂಡು ಹೊಸ ಚೌಕಟ್ಟು ಮಾಡಬೇಕು. ನಮ್ಮ ಬಡಗಿ ಅದನ್ನು ತೇಗದಲ್ಲಿ ಮಾಡಿಕೊಟ್ಟರೆ ಕಾರು ಗಟ್ಟಿಯಾಗುತ್ತದೆ, ಆದರೆ ಶುದ್ಧತೆಯ ಪಕ್ಷದವರು ಮೂಗು ಮುರಿಯುತ್ತಾರೆ.

ಇದರ ಎಂಜಿನ್ನಿನ ಬೋಲ್ಟುಗಳದಂತೂ ಬೇರೆಯೇ ಕಥೆ. ಬೋಲ್ಟಿನ ತಲೆಗೆ ಬ್ರಿಟಿಷ್ ಅಳತೆಯ ಸ್ಪ್ಯಾನರ್ ಸರಿಯಾಗಿ ಕೂರುತ್ತದೆ, ಆದರೆ ಅದರ ಥ್ರೆಡ್ ಮೆಟ್ರಿಕ್. ಕಾರಣ ಚರಿತ್ರೆಯಲ್ಲಿದೆ. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ನಡೆಸುತ್ತಿದ್ದ ಕಾರ್ಖಾನೆಯನ್ನು 1923ರಲ್ಲಿ ವಿಲಿಯಂ ಮಾರಿಸ್ ಕೊಂಡ. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು, ಗಿರಾಕಿಗಳ ಕೈಯಲ್ಲಿದ್ದ ಸ್ಪ್ಯಾನರ್ ಬ್ರಿಟಿಷ್. ಎರಡನ್ನೂ ಒಂದೇ ಬೋಲ್ಟಿನಲ್ಲಿ ಕೂಡಿಸಿಬಿಟ್ಟರು. ಇದನ್ನು ತಿಳಿಯದೆ ಸಂತೆಯಲ್ಲಿ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಹಾಗಾಗಿ ಹವ್ಯಾಸಿಗಳು ಹಳೆಯ ಬೋಲ್ಟುಗಳನ್ನು ಎಸೆಯದೆ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿಟ್ಟು ತುಕ್ಕು ಬಿಡಿಸುತ್ತಾರೆ. ಅದು ನಿಂಬೆಯ ಹುಳಿಯಲ್ಲಿರುವ ಆಮ್ಲವೇ. ಇಂಡಿಯ ನಿಂಬೆಗೆ ಹೆಸರು ಬಂದದ್ದು ಬೇರೆ ಕಾರಣಕ್ಕೆ, ಅದು ಇರಲಿ.

ನಮ್ಮ ದೇಶದಲ್ಲಿ ಇಂಥ ಕಾರುಗಳು ಏಕೆ ಇಷ್ಟು ಜೀರ್ಣವಾದವು? 1953ರಲ್ಲಿ ಸರ್ಕಾರ, ದೇಶದೊಳಗೆ ಕಾರು ತಯಾರಿಸುವ ಯೋಜನೆಯಿಲ್ಲದೆ ಬರೀ ಬಿಡಿಭಾಗ ಜೋಡಿಸಿ ಮಾರುತ್ತಿದ್ದ ವಿದೇಶಿ ಕಂಪನಿಗಳ ದಾರಿ ಮುಚ್ಚಿತು. ಜನರಲ್ ಮೋಟಾರ್ಸ್, ಫೋರ್ಡ್ ಇಬ್ಬರೂ ಗಂಟುಮೂಟೆ ಕಟ್ಟಿದರು. ಮುಂದಿನ ದಶಕಗಳಲ್ಲಿ ರಸ್ತೆಯ ಮೇಲೆ ಉಳಿದದ್ದು ಬಹುಮಟ್ಟಿಗೆ ಅಂಬಾಸಿಡರ್, ಫಿಯಟ್ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್. ಹೊರಗಿನ ಕಾರು ಇಟ್ಟುಕೊಂಡವರಿಗೆ ಬಿಡಿಭಾಗ ತರಿಸುವುದೇ ದುಸ್ತರವಾಯಿತು. ಆಗ ಕೈಹಿಡಿದವನು ಊರಿನ ಮಿಸ್ತ್ರಿ. ಅಂಬಾಸಿಡರಿನ ಗೇರ್‌ಬಾಕ್ಸ್, ಜೀಪಿನ ರೇಡಿಯೇಟರ್, ಲಾರಿಯ ದೀಪ, ಕೈಗೆ ಸಿಕ್ಕಿದ್ದನ್ನು ಹೊಂದಿಸಿ ಕಾರನ್ನು ಓಡಿಸಿದ.

ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಕಥೆಯಲ್ಲಿ ಬರುವುದಕ್ಕೆ ಒಂದು ಕಾರಣವಿದೆ. 1961ರಿಂದ ಮದ್ರಾಸಿನಲ್ಲಿ ತಯಾರಾದ ಇದು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ತದ್ರೂಪು. ಅದರ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್‌ನವರು 1962ರಲ್ಲಿ ‘ಸ್ಪಿಟ್‌ಫೈರ್’ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಎರಡನ್ನೂ ರೂಪಿಸಿದವನು ಇಟಲಿಯ ಮಿಕೆಲೊಟ್ಟಿ. ವೈದ್ಯರ, ವಕೀಲರ ಮನೆಯ ಮುಂದೆ ಸಂಭಾವಿತವಾಗಿ ನಿಂತಿರುತ್ತಿದ್ದ ಆ ಕಾರಿಗೂ ಸ್ಪಿಟ್‌ಫೈರಿಗೂ ಹೀಗೆ ರಕ್ತಸಂಬಂಧ. ಇನ್ನು ನಮ್ಮ ಬೆಂಗಳೂರಿನಲ್ಲೇ 1980ರ ದಶಕದಲ್ಲಿ ತಯಾರಾದ ಸಿಪಾನಿಯವರ ಡಾಲ್ಫಿನ್‌ನ ಮೈ ಫೈಬರ್‌ಗ್ಲಾಸಿನದು. ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಓಡಿತು. ಅದಕ್ಕೆ ತುಕ್ಕಿನ ಭಯವಿಲ್ಲ, ಬಿರುಕಿನ ಭಯ ಉಂಟು.

ಈಗ ತೊಡಕಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ್ದು, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರದ ಖಾಸಗಿ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ನಂಬರು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ನಿಯಮ ಒಳ್ಳೆಯದೇ, ಗುಜರಿಯ ಹಾದಿ ಹಿಡಿಯಬೇಕಿದ್ದ ಕಾರುಗಳಿಗೆ ಒಂದು ನೆಲೆ ಸಿಕ್ಕಿತು. ಆದರೆ ಬೇರೆ ಎಂಜಿನ್ ಕೂರಿಸಿ ಕಾರನ್ನು ಬದುಕಿಸಿದ ಮಿಸ್ತ್ರಿಯ ಕೆಲಸವೇ ಈಗ ಅದಕ್ಕೆ ಕುತ್ತಾಗುತ್ತದೆ. ಅವನು ಕೈಹಾಕದಿದ್ದರೆ ಆ ಕಾರು 1965ರಲ್ಲೇ ತಕ್ಕಡಿ ಏರಿರುತ್ತಿತ್ತು.

ನನ್ನ ಮಟ್ಟಿಗೆ ಹೇಳುವುದಾದರೆ, ಮೂಲದ ಎಂಜಿನ್ ಸಿಕ್ಕರೆ ಅದನ್ನು ತರಲಿ. ಆದರೆ ಮಿಸ್ತ್ರಿ ಸುತ್ತಿಗೆಯಲ್ಲಿ ಬಡಿದು ಮಾಡಿದ ಬ್ರ್ಯಾಕೆಟ್ಟನ್ನು ಎಸೆಯಬಾರದು. ಫ್ಯಾಕ್ಟರಿಯಿಂದ ಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುವ ಬಣ್ಣ ಬಳಿದು, ನಮ್ಮ ನೆಲದಲ್ಲಿ ಕಳೆದ ಎಪ್ಪತ್ತು ವರ್ಷಗಳ ಗುರುತನ್ನೆಲ್ಲ ಅಳಿಸುವುದು ಸುಣ್ಣ ಬಳಿದು ಶಾಸನ ಮುಚ್ಚಿದಂತೆ. ಬಿಚ್ಚುವಾಗ ಪ್ರತಿ ಭಾಗದ ಫೋಟೊ ತೆಗೆದು, ಚೀಟಿ ಕಟ್ಟಿ, ಯಾವಾಗ ಏನು ಬದಲಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನವನಿಗೆ ಉಪಕಾರ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿದವರು, ಅವುಗಳ ಹೊಳಪಿನ ಹಿಂದೆ ಇಂಥ ಎಷ್ಟು ತೀರ್ಮಾನಗಳಿರಬಹುದು ಎಂದು ಒಮ್ಮೆ ಯೋಚಿಸಬೇಕು.

ಕಾರು ಎದ್ದು ನಿಂತ ಮೇಲೆ ಶುರುವಾಗುವುದು ಸಾಲೋಟಗಿಯ ದೀಪದೆಣ್ಣೆಯ ಚಿಂತೆ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಇರುತ್ತದೆ. ಅದರಲ್ಲಿ ಒಂದಷ್ಟು ಭೀಮಾ ತೀರದ ಕಬ್ಬಿನದೂ ಇರಬಹುದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಟಿಸಿಯ ಜೋಡಿ ಕಾರ್ಬ್ಯುರೇಟರುಗಳಲ್ಲಿ ಸೋರದಂತೆ ತಡೆಯುವುದು ಕಾರ್ಕಿನ ಬಿರಡೆಗಳು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಅವು ಒಣಗಿ ಕುಗ್ಗುತ್ತವೆ. ಹೀಗಾಗಿ ಅನುಭವಸ್ಥರು ಕೊಳವೆಗಳನ್ನು ಹೊಸ ಬಗೆಯವಕ್ಕೆ ಬದಲಿಸಿ, ಟ್ಯಾಂಕಿಗೆ ಬೇಕಾದಷ್ಟೇ ಪೆಟ್ರೋಲ್ ಹಾಕಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ಕಾರನ್ನು ಹೊರತೆಗೆದು ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತರುತ್ತಾರೆ.