ಬೀಗದ ಕೈ ಬದಲಾಯಿಸಿದ್ದು ಯಾರು?

2024ರ ಡಿಸೆಂಬರ್‌ನ ಒಂದು ಶುಕ್ರವಾರ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಆಡಿಟ್ ಹತ್ತಿರ ಬಂದಿತ್ತು. ಸರ್ವರಿನಲ್ಲಿ ಯಾರ್ಯಾರ ಅಕೌಂಟ್ ಉಂಟು, ಯಾರ ಪಾಸ್‌ವರ್ಡ್ ಯಾವಾಗ ಬದಲಾಗಿದೆ ಅಂತ ನೋಡಿ ಸಹಿ ಹಾಕುವ ಕೆಲಸ ನನ್ನ ತಲೆಗೆ ಬಂತು. ಲಿನಕ್ಸಿನ ಶ್ಯಾಡೋ ಫೈಲ್ ತೆರೆದು ಒಂದೊಂದೇ ಸಾಲು ನೋಡುತ್ತಾ ಹೋದೆ. ಜುಲೈ ಕೊನೆಗೆ ಕೆಲಸ ಬಿಟ್ಟುಹೋದ ಗೆಳೆಯನ ಹೆಸರು ಇನ್ನೂ ಅಲ್ಲೇ ಇತ್ತು. ಅವನ ಸಾಲಿನ ಮೂರನೇ ಕಾಲಮ್ಮಿನಲ್ಲಿ 20003 ಅನ್ನುವ ಸಂಖ್ಯೆ.

ಪಾಸ್‌ವರ್ಡ್ ಕೊನೆಯ ಸಲ ಬದಲಾದ ದಿನವನ್ನು ಆ ಕಾಲಮ್ ಹೇಳುತ್ತದೆ. ಲೆಕ್ಕ ಶುರುವಾಗುವುದು 1970ರ ಜನವರಿ 1ರಿಂದ. 20003 ಅಂದರೆ 2024ರ ಅಕ್ಟೋಬರ್ 7, ಕುದ್ರೋಳಿ ದಸರಾದ ಗೌಜಿಯ ದಿನಗಳು. ಅವನು ಹೋಗಿ ಎರಡು ತಿಂಗಳ ಮೇಲೆ ಅವನ ಪಾಸ್‌ವರ್ಡ್ ಬದಲಾಗಿದೆ! "ಹೊರಗಿಂದ ನುಗ್ಗಿದ್ದಾನೆ, ಮತ್ತೆಂತ?" ಅಂತ ಪಕ್ಕದ ಟೇಬಲಿನವರು ತೀರ್ಪೇ ಕೊಟ್ಟರು. ನಾನೂ ಅರ್ಧ ನಂಬಿದೆ.

ಆ ಕಾಲಮ್ಮಿಗೆ ಒಂದು ಚರಿತ್ರೆ ಉಂಟು. ಅದನ್ನು ಅವತ್ತೇ ನೆನಪಿಸಿಕೊಂಡಿದ್ದರೆ ಒಬ್ಬನ ಮೇಲೆ ಅನುಮಾನ ಪಡುವುದು ತಪ್ಪುತ್ತಿತ್ತು.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಟೊ ತಂಡ ಕಟ್ಟಿತ್ತು. 1962ರಲ್ಲಿ ಅಲನ್ ಶೆರ್ ಎಂಬ ವಿದ್ಯಾರ್ಥಿ, ತನಗೆ ಸಿಕ್ಕ ಕಂಪ್ಯೂಟರ್ ಸಮಯ ಸಾಲದೆಂದು, ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡ. ಅದನ್ನು ಒಪ್ಪಿಕೊಂಡದ್ದು ದಶಕಗಳ ನಂತರ. 1966ರಲ್ಲಿ ಇನ್ನೊಂದು ಎಡವಟ್ಟು: ಎರಡು ಫೈಲ್‌ಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಕಾಣಿಸಿತು.

ಬೆಲ್ ಲ್ಯಾಬ್ಸಿನ ಯುನಿಕ್ಸ್ ಇದರಿಂದ ಪಾಠ ಕಲಿಯಿತು. ಪಾಸ್‌ವರ್ಡನ್ನು ಇದ್ದ ಹಾಗೇ ಇಡದೆ, ಮರಳಿ ಬಿಡಿಸಲಾಗದ ಹ್ಯಾಶ್ ಮಾಡಿ ಇಡುವ ಕ್ರಮ ಬಂತು. ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನ ಓದಿದರೆ ಇವತ್ತೂ ನಗು ಬರುತ್ತದೆ. ಅವರು ಸಂಗ್ರಹಿಸಿದ 3289 ಪಾಸ್‌ವರ್ಡುಗಳಲ್ಲಿ 2831, ಅಂದರೆ ಶೇ. 86, ಸುಲಭವಾಗಿ ಸಿಕ್ಕಿಬೀಳುವಂಥವು. ಹದಿನೈದು ಜನರದ್ದು ಬರೀ ಒಂದಕ್ಷರ! ಹಾಗಾಗಿ ಪ್ರತಿ ಪಾಸ್‌ವರ್ಡಿಗೂ ಚಿಟಿಕೆ 'ಉಪ್ಪು' ಬೆರೆಸಿದರು. 4096 ಬಗೆಯ ಉಪ್ಪು. ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಫೈಲಿನಲ್ಲಿ ಸಾಮಾನ್ಯವಾಗಿ ಬೇರೆಬೇರೆ ಕಾಣುತ್ತದೆ.

ಆದರೆ ಆ ಫೈಲನ್ನು ಯಾರು ಬೇಕಾದರೂ ಓದಬಹುದಿತ್ತು. ಯಂತ್ರಗಳು ಚುರುಕಾದಂತೆ ಊಹಿಸಿ ಒಡೆಯುವುದು ಸಲೀಸಾಯಿತು. 1988ರ ನವೆಂಬರಿನಲ್ಲಿ ಇಂಟರ್ನೆಟ್ಟನ್ನೇ ನಡುಗಿಸಿದ ವರ್ಮ್, ಹೊಕ್ಕ ಯಂತ್ರಗಳಲ್ಲಿ ಹೀಗೇ ಪಾಸ್‌ವರ್ಡ್ ಊಹಿಸುತ್ತಿತ್ತು. ಅದನ್ನು ಬರೆದವನು ಅದೇ ಮೋರಿಸರ ಮಗ. ಥಾಂಪ್ಸನ್ನರ ಹಳೆಯ ಪಾಸ್‌ವರ್ಡೂ 2019ರಲ್ಲಿ ಒಡೆಯಿತು: ಚೆಸ್ಸಿನಲ್ಲಿ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವ ನಡೆ. ಹ್ಯಾಶುಗಳನ್ನು ರೂಟ್ ಮಾತ್ರ ಓದಬಲ್ಲ ಶ್ಯಾಡೋ ಫೈಲಿಗೆ ಸಾಗಿಸಿದ್ದು 1980ರ ದಶಕದಲ್ಲಿ. ಹ್ಯಾಶಿನ ಪಕ್ಕದಲ್ಲೇ ಬದಲಾದ ದಿನ, ಆಮೇಲೆ ವಾಯಿದೆ. ಮಾಡಿದವರ ಹೆಸರಿಗೆ ಮಾತ್ರ ಅಲ್ಲಿ ಕಾಲಮ್ಮೇ ಇಲ್ಲ.

ಮಂಗಳೂರಿಗೆ ಈ 'ಯಾರು' ಎಂಬ ಪ್ರಶ್ನೆ ಹೊಸತಲ್ಲ. ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಐದು ಬ್ಯಾಂಕುಗಳು ಹುಟ್ಟಿದ್ದು ಮಂಗಳೂರು-ಉಡುಪಿಯಲ್ಲಿ. ನಮ್ಮ ಮಾವ ಬ್ಯಾಂಕಿನಲ್ಲಿದ್ದವರು. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ. ಒಬ್ಬರು ರಜೆ ಹೋದರೆ ಕೀ ರಿಜಿಸ್ಟರಿನಲ್ಲಿ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ರಂಗರಾಜನ್ ಸಮಿತಿಯ 1984ರ ವರದಿಯ ನಂತರ ದೇಶದ ಬ್ಯಾಂಕುಗಳಿಗೆ ಯುನಿಕ್ಸ್ ಯಂತ್ರಗಳು ಬಂದವು. ಯುನಿಕ್ಸಿನಲ್ಲಿ ಮಾತ್ರ ಎಲ್ಲ ಬೀಗಕ್ಕೂ ಒಂದೇ ಕೈ, ರೂಟ್. ಅದರ ಪಾಸ್‌ವರ್ಡ್ ನಾಲ್ಕು ಜನರಿಗೆ ಗೊತ್ತಿದ್ದರೆ ನಾಲ್ವರೂ ಒಬ್ಬರೇ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸೂಡೂ' ಆ ಕೊರತೆ ತುಂಬುವ ದಾರಿ. ರೂಟಿನ ಕೆಲಸವನ್ನು ನಮ್ಮ ಹೆಸರಿನಲ್ಲೇ ಮಾಡಬಹುದು. ಯಾರು, ಯಾವಾಗ, ಯಾವ ಕಮಾಂಡ್ ಕೊಟ್ಟರು ಅಂತ ಅದು ಲಾಗಿನಲ್ಲಿ ಬರೆದಿಡುತ್ತದೆ. ಮಾವನ ಭಾಷೆಯಲ್ಲಿ, ಕೀ ರಿಜಿಸ್ಟರ್.

ನಮ್ಮ ಸರ್ವರಿಗೆ ಎಲ್ಲರೂ ನೇರವಾಗಿ ರೂಟ್ ಆಗಿಯೇ ಹೋಗುತ್ತಿದ್ದೆವು. ಲಾಗ್ ಉಳಿಯುತ್ತಿದ್ದದ್ದು ನಾಲ್ಕೇ ವಾರ. ಅಕ್ಟೋಬರಿನದ್ದು ಅಳಿಸಿಹೋಗಿತ್ತು. ಕೊನೆಗೆ ಸೋಮವಾರ ಹಳೆಯ ಮೇಲ್ ಕೆದಕಿದಾಗ ಸಿಕ್ಕಿತು: ಅಕ್ಟೋಬರ್ 7ರ ರಾತ್ರಿ ಬ್ಯಾಕಪ್ ನಿಂತಿತ್ತು. ಬ್ಯಾಕಪ್ಪಿನ ಕ್ರಾನ್ ಜಾಬ್ ಓಡುತ್ತಿದ್ದದ್ದು ಆ ಗೆಳೆಯನ ಅಕೌಂಟಿನಲ್ಲಿ. 90 ದಿನದ ವಾಯಿದೆ ಮುಗಿದು ಪಾಸ್‌ವರ್ಡ್ ಎಕ್ಸ್‌ಪೈರ್ ಆಗಿತ್ತು. ಡ್ಯೂಟಿಯಲ್ಲಿದ್ದವರು ರೂಟ್ ಆಗಿ ಹೋಗಿ ಹೊಸತು ಹಾಕಿ ಮಲಗಿದ್ದರು. ಅಷ್ಟೇ! ಕಾರಣವಿಲ್ಲದೆ ಹೀಗೆ ವಾಯಿದೆ ಹಾಕಿ ಬದಲಾಯಿಸುವುದು ಬೇಡ ಅಂತ ಅಮೆರಿಕದ ಎನ್‌ಐಎಸ್‌ಟಿ 2017ರಲ್ಲೇ ಹೇಳಿತ್ತು. ನಾವು ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಮಾಡಿದ್ದು ಸಣ್ಣ ಕೆಲಸಗಳು. ನೇರ ರೂಟ್ ಲಾಗಿನ್ ಬಂದ್, ಎಲ್ಲರಿಗೂ ಸೂಡೂ. ಬ್ಯಾಕಪ್ಪಿಗೆ ಅದರದ್ದೇ ಅಕೌಂಟ್. ಕೆಲಸ ಬಿಟ್ಟವರ ಅಕೌಂಟಿಗೆ ಅದೇ ದಿನ ಬೀಗ. ಲಾಗಿನ ಪ್ರತಿ ಬೇರೆ ಯಂತ್ರದಲ್ಲಿ, ಒಂದು ವರ್ಷ. ನಿಮ್ಮ ಕಡೆಯೂ ಒಮ್ಮೆ 'ಚೇಜ್' ಕಮಾಂಡ್ ಕೊಟ್ಟು ನೋಡಿ. ದಿನ ಅದು ಹೇಳುತ್ತದೆ, ಹೆಸರನ್ನು ಲಾಗಿನಲ್ಲೇ ಹುಡುಕಬೇಕು.

ಗೆಳೆಯನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಶುಕ್ರವಾರವೇ ಕೇಳಬಹುದಿತ್ತಲ್ಲ ಮಾರಾಯ," ಅಂದ.